ಬಾಯ್ಲರ್ ಒತ್ತಡ ಕುಸಿತ

ಬಾಯ್ಲರ್ ಒತ್ತಡ ಕುಸಿತವು ಮನೆಗಳ ಕೇಂದ್ರೀಯ ತಾಪನ ವ್ಯವಸ್ಥೆಯಲ್ಲಿ ಕಂಡುಬರುವ ಒಂದು ದೋಷ. ಕೊಳವೆಗಳಲ್ಲಿ ಸುತ್ತುವ ನೀರಿನ ಒತ್ತಡವು ನಿಗದಿತ ಮಟ್ಟಕ್ಕಿಂತ ಕೆಳಗಿಳಿದಾಗ ಈ ದೋಷ ಉಂಟಾಗುತ್ತದೆ. ಬ್ರಿಟನ್ ಮತ್ತು ಯುರೋಪಿನ ಇತರ ಶೀತ ದೇಶಗಳಲ್ಲಿ ಬಳಕೆಯಲ್ಲಿರುವ ಮುಚ್ಚಿದ ಮಾದರಿಯ ಅನಿಲ ಬಾಯ್ಲರ್‌ಗಳಲ್ಲಿ ಇದು ಸಾಮಾನ್ಯ. ಒತ್ತಡ ತೀರಾ ಕಡಿಮೆಯಾದರೆ ಬಾಯ್ಲರ್ ತಾನಾಗಿಯೇ ಸ್ಥಗಿತಗೊಳ್ಳುವುದರಿಂದ ಚಳಿಗಾಲದಲ್ಲಿ ಮನೆಯ ತಾಪನ ನಿಂತುಹೋಗುತ್ತದೆ. ಒತ್ತಡ ಕುಸಿತವು ಸ್ವತಃ ಮೂಲ ದೋಷವಲ್ಲ. ನೀರಿನ ಸೋರಿಕೆ ಅಥವಾ ಯಾವುದೋ ಭಾಗದ ವೈಫಲ್ಯದ ಲಕ್ಷಣವಾಗಿರುತ್ತದೆ.

ರಚನೆ ಮತ್ತು ಕಾರ್ಯತತ್ತ್ವ

ಭಾರತದ ಸ್ನಾನಗೃಹಗಳಲ್ಲಿ ಬಳಸುವ ಗೀಸರ್‌ನಲ್ಲಿ ಕಾಯಿಸಿದ ನೀರು ಬಳಕೆಯಾಗಿ ಹರಿದುಹೋಗುತ್ತದೆ. ಕೇಂದ್ರೀಯ ತಾಪನದಲ್ಲಿ ಹಾಗಲ್ಲ. ಬಾಯ್ಲರ್‌ನಲ್ಲಿ ಕಾದ ನೀರನ್ನು ಪಂಪ್ ಕೋಣೆಕೋಣೆಯ ರೇಡಿಯೇಟರ್‌ಗಳಿಗೆ ತಳ್ಳುತ್ತದೆ. ಶಾಖ ನೀಡಿ ತಣಿದ ನೀರು ಬಾಯ್ಲರ್‌ಗೆ ಮರಳುತ್ತದೆ. ಅದೇ ನೀರು ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಹಳೆಯ ತೆರೆದ ವ್ಯವಸ್ಥೆಗಳಲ್ಲಿ ಅಟ್ಟದ ಮೇಲಿನ ತೊಟ್ಟಿಯಿಂದ ಕೊರತೆಯ ನೀರು ತಾನಾಗಿ ತುಂಬಿಕೊಳ್ಳುತ್ತದೆ. ಮುಚ್ಚಿದ ವ್ಯವಸ್ಥೆಗೆ ಅಂತಹ ತೊಟ್ಟಿ ಇಲ್ಲವಾದ್ದರಿಂದ ಹೊರಹೋದ ನೀರಿನ ಪರಿಣಾಮ ಒತ್ತಡಮಾಪಕದಲ್ಲಿ ಕಾಣಿಸುತ್ತದೆ.

ನೀರು ಕಾದಾಗ ಹಿಗ್ಗುತ್ತದೆ. 100 ಲೀಟರ್ ನೀರನ್ನು 10 ಡಿಗ್ರಿ ಸೆಲ್ಸಿಯಸ್‌ನಿಂದ 80 ಡಿಗ್ರಿಗೆ ಕಾಯಿಸಿದರೆ ಅದರ ಗಾತ್ರ ಸುಮಾರು 3 ಲೀಟರ್ ಹೆಚ್ಚುತ್ತದೆ. ಈ ಹೆಚ್ಚುವರಿ ಗಾತ್ರಕ್ಕೆ ಸ್ಥಳಾವಕಾಶ ನೀಡುವುದು ಹಿಗ್ಗುವಿಕೆಯ ಪಾತ್ರೆ. ಅದರೊಳಗಿನ ರಬ್ಬರ್ ಪೊರೆಯ ಒಂದು ಬದಿಯಲ್ಲಿ ನೀರು, ಇನ್ನೊಂದು ಬದಿಯಲ್ಲಿ ಒತ್ತಿ ತುಂಬಿದ ಗಾಳಿ ಅಥವಾ ಸಾರಜನಕ ಇರುತ್ತದೆ. ಒತ್ತಡ ಅಪಾಯದ ಮಟ್ಟಕ್ಕೆ ಏರಿದರೆ ಸುರಕ್ಷತಾ ಕವಾಟ ತೆರೆದು ನೀರನ್ನು ಹೊರಗೋಡೆಯ ಕೊಳವೆಯ ಮೂಲಕ ಬಿಡುತ್ತದೆ.

ಒತ್ತಡದ ಮಟ್ಟಗಳು

ತಣ್ಣಗಿರುವಾಗ ಮಾಪಕವು ಸಾಮಾನ್ಯವಾಗಿ 1ರಿಂದ 1.5 ಬಾರ್ ತೋರಿಸುತ್ತದೆ. 1 ಬಾರ್ ಎಂದರೆ ಸುಮಾರು 10 ಮೀಟರ್ ಎತ್ತರದ ನೀರಿನ ಸ್ತಂಭದ ಒತ್ತಡ. ಕಾದಾಗ ಒತ್ತಡವು 2 ಬಾರ್‌ವರೆಗೆ ಏರುವುದು ಸಹಜ. ಸುರಕ್ಷತಾ ಕವಾಟ ತೆರೆಯುವುದು 3 ಬಾರ್‌ನಲ್ಲಿ. ಒತ್ತಡ 0.5 ಬಾರ್‌ನ ಆಸುಪಾಸಿಗೆ ಇಳಿದಾಗ ಅನೇಕ ಬಾಯ್ಲರ್‌ಗಳು ಸ್ಥಗಿತಗೊಳ್ಳುತ್ತವೆ. ನಿಖರ ಮಿತಿಗಳು ಮಾದರಿಯಿಂದ ಮಾದರಿಗೆ ಬದಲಾಗುತ್ತವೆ.

ಕಾರಣಗಳು

* ರೇಡಿಯೇಟರ್‌ನ ಗಾಳಿ ತೆಗೆಯುವಿಕೆ: ಇದರ ನಂತರದ ಒಂದು ಬಾರಿಯ ಇಳಿಕೆ ದೋಷವಲ್ಲ.
* ಕೊಳವೆ ಅಥವಾ ರೇಡಿಯೇಟರ್ ಸೋರಿಕೆ: ಸಣ್ಣ ಸೋರಿಕೆಯ ನೀರು ಬಿಸಿ ಕೊಳವೆಯ ಮೇಲೆಯೇ ಆವಿಯಾಗಬಹುದು. ತಾಮ್ರದ ಬೆಸುಗೆಗಳಲ್ಲಿ ಹಸಿರು ಕಲೆ, ರೇಡಿಯೇಟರ್‌ನ ಅಂಚಿನಲ್ಲಿ ತುಕ್ಕಿನ ಕಲೆ ಮಾತ್ರ ಉಳಿಯುತ್ತದೆ. ಕಾಂಕ್ರೀಟ್ ನೆಲದಡಿಯ ಸೋರಿಕೆ ಬಹುಕಾಲ ಗೋಚರಿಸುವುದಿಲ್ಲ.
* ಹಿಗ್ಗುವಿಕೆಯ ಪಾತ್ರೆಯ ವೈಫಲ್ಯ: ಗಾಳಿ ಕಡಿಮೆಯಾದರೆ ಅಥವಾ ಪೊರೆ ಹರಿದರೆ ಹಿಗ್ಗಿದ ನೀರಿಗೆ ಎಡೆ ಇರುವುದಿಲ್ಲ.
* ಸುರಕ್ಷತಾ ಕವಾಟದ ತೊಟ್ಟಿಕ್ಕುವಿಕೆ: ಒಮ್ಮೆ ತೆರೆದ ಕವಾಟದ ಪೀಠದಲ್ಲಿ ಕಸ ಸಿಲುಕಿದರೆ ಅದು ಪೂರ್ಣವಾಗಿ ಮುಚ್ಚಿಕೊಳ್ಳದು.
* ಉಷ್ಣ ವಿನಿಮಯಕದ ಬಿರುಕು: ಸಾಂದ್ರಕ ಬಾಯ್ಲರ್‌ಗಳಲ್ಲಿ ಇಲ್ಲಿಂದ ಸೋರಿದ ನೀರು, ಹೊಗೆಯಿಂದ ಸಾಂದ್ರೀಕರಿಸಿದ ನೀರಿನೊಂದಿಗೆ ಚರಂಡಿಗೆ ಹರಿಯುತ್ತದೆ. ಆದ್ದರಿಂದ ಮನೆಯೊಳಗೆ ತೇವ ಕಾಣುವುದಿಲ್ಲ.

ಪತ್ತೆಹಚ್ಚುವ ವಿಧಾನ

ಒತ್ತಡ ಯಾವಾಗ ಮತ್ತು ಎಷ್ಟು ಬೇಗ ಇಳಿಯುತ್ತದೆ ಎಂಬುದು ಪತ್ತೆಕಾರ್ಯದ ಮೊದಲ ಸುಳಿವು. ತಣ್ಣಗಿರುವಾಗಿನ ಮತ್ತು ಕಾದಿರುವಾಗಿನ ಮಾಪಕದ ಅಂಕಿಗಳನ್ನು ಕೆಲವು ದಿನ ಬರೆದಿಡುವುದು ಉಪಯುಕ್ತ. ತಾಪನ ಆರಂಭವಾದೊಡನೆ ಒತ್ತಡ 3 ಬಾರ್ ಸಮೀಪಿಸಿ, ತಣಿದ ಮೇಲೆ ಶೂನ್ಯದತ್ತ ಕುಸಿದರೆ ಹಿಗ್ಗುವಿಕೆಯ ಪಾತ್ರೆಯ ಮೇಲೆ ಸಂಶಯ ಮೂಡುತ್ತದೆ. ಅಂತಹ ಏರಿಕೆಯಿಲ್ಲದೆ ಹಗಲಿರುಳೂ ನಿಧಾನವಾಗಿ ಇಳಿಯುತ್ತಿದ್ದರೆ ಅದು ಸೋರಿಕೆಯ ಸೂಚನೆ.

ಹೊರಗೋಡೆಯ ಕೊಳವೆಯ ಬಾಯಿಗೆ ಪ್ಲಾಸ್ಟಿಕ್ ಚೀಲವನ್ನು ಸಡಿಲವಾಗಿ ಕಟ್ಟಿದರೆ ಸುರಕ್ಷತಾ ಕವಾಟದಿಂದ ನೀರು ಬರುತ್ತಿದೆಯೇ ಎಂಬುದು ತಿಳಿಯುತ್ತದೆ. ಪಾತ್ರೆಯ ಗಾಳಿ ಕವಾಟವನ್ನು ತಂತ್ರಜ್ಞರು ಒತ್ತಿದಾಗ ಗಾಳಿಯ ಬದಲು ನೀರು ಬಂದರೆ ಪೊರೆ ಹರಿದಿದೆ ಎಂದರ್ಥ. ಗಾಳಿಯ ಒತ್ತಡವನ್ನು ಅಳೆಯುವ ಮೊದಲು ನೀರಿನ ಬದಿಯ ಒತ್ತಡವನ್ನು ಶೂನ್ಯಕ್ಕೆ ಇಳಿಸಬೇಕು. ಇಲ್ಲವಾದರೆ ಅಳತೆ ತಪ್ಪಾಗುತ್ತದೆ.

ದೋಷವು ಬಾಯ್ಲರ್‌ನಲ್ಲಿದೆಯೋ ಕೊಳವೆಗಳಲ್ಲಿದೆಯೋ ಎಂದು ಬೇರ್ಪಡಿಸಲು ಪ್ರತ್ಯೇಕಿಸುವ ಪರೀಕ್ಷೆಯನ್ನು ನಡೆಸಲಾಗುತ್ತದೆ. ಬಾಯ್ಲರ್ ಆರಿಸಿ, ತಣಿದ ನಂತರ ಅದರ ಕೆಳಭಾಗದ ಹೋಗುವ ಮತ್ತು ಮರಳುವ ಕೊಳವೆಗಳ ಕವಾಟಗಳನ್ನು ಮುಚ್ಚಿ ಕೆಲವು ಗಂಟೆ ಬಿಡಲಾಗುತ್ತದೆ. ಆಗಲೂ ಬಾಯ್ಲರ್‌ನ ಮಾಪಕ ಇಳಿದರೆ ದೋಷ ಬಾಯ್ಲರ್‌ನೊಳಗಿದೆ. ಮಾಪಕ ಸ್ಥಿರವಾಗಿದ್ದು, ಕವಾಟಗಳನ್ನು ತೆರೆದೊಡನೆ ಇಳಿದರೆ ಸೋರಿಕೆ ಕೊಳವೆಗಳಲ್ಲಿ ಅಥವಾ ರೇಡಿಯೇಟರ್‌ಗಳಲ್ಲಿದೆ. ಕವಾಟಗಳು ಮುಚ್ಚಿರುವಾಗ ಬಾಯ್ಲರ್ ಚಾಲನೆ ಮಾಡಬಾರದು.

ಮರುಪೂರಣ ಮತ್ತು ಅದರ ಮಿತಿ

ಇಳಿದ ಒತ್ತಡವನ್ನು ಸರಿಪಡಿಸಲು ನಲ್ಲಿ ನೀರಿನ ಜಾಲಕ್ಕೆ ಜೋಡಿಸಿದ ಮರುಪೂರಣ ಕೊಳವೆಯಿಂದ ನೀರು ತುಂಬಲಾಗುತ್ತದೆ. ತುಂಬಿದ ನಂತರ ಅದರ ಕವಾಟಗಳನ್ನು ಮುಚ್ಚಿ ತಾತ್ಕಾಲಿಕ ಜೋಡಣೆಯನ್ನು ಬಿಚ್ಚಬೇಕು. ಕವಾಟ ಸರಿಯಾಗಿ ಮುಚ್ಚದಿದ್ದರೆ ಒತ್ತಡ ಏರುತ್ತಲೇ ಹೋಗಿ ಸುರಕ್ಷತಾ ಕವಾಟ ತೆರೆಯಬಹುದು.

ಪದೇಪದೇ ಮರುಪೂರಣ ಮಾಡುವುದು ಪರಿಹಾರವಲ್ಲ. ಹೊಸ ನೀರಿನೊಂದಿಗೆ ಕರಗಿದ ಆಮ್ಲಜನಕ ಒಳಸೇರಿ ಉಕ್ಕಿನ ರೇಡಿಯೇಟರ್‌ಗಳನ್ನು ಸವೆಸುತ್ತದೆ. ಇದರಿಂದ ಹುಟ್ಟುವ ಕಪ್ಪು ಕೆಸರು ಪಂಪ್ ಮತ್ತು ಉಷ್ಣ ವಿನಿಮಯಕವನ್ನು ಕಟ್ಟುತ್ತದೆ. ಗಡಸು ನೀರಿರುವ ಪ್ರದೇಶಗಳಲ್ಲಿ ಸುಣ್ಣದ ಪದರವೂ ಸೇರುತ್ತದೆ. ತುಕ್ಕು ತಡೆಯಲು ಬೆರೆಸಿದ ರಾಸಾಯನಿಕ ತೆಳುವಾಗುತ್ತದೆ. ಹೀಗೆ ಚಿಕ್ಕ ಸೋರಿಕೆಯನ್ನು ನೀರು ತುಂಬಿ ಮರೆಮಾಚಿದರೆ ಇಡೀ ವ್ಯವಸ್ಥೆಯ ಆಯುಷ್ಯ ಕುಗ್ಗುತ್ತದೆ.

ಸುರಕ್ಷತೆ

ಮಾಪಕವನ್ನು ಓದುವುದು, ಕಲೆಗಳನ್ನು ಹುಡುಕುವುದು ಹಾಗೂ ಕೈಪಿಡಿಯಂತೆ ನೀರು ತುಂಬುವುದು ಮನೆಯವರೇ ಮಾಡಬಹುದಾದ ಕೆಲಸಗಳು. ಅನಿಲ ಬಾಯ್ಲರ್‌ನ ಒಳಭಾಗಗಳ ದುರಸ್ತಿಯನ್ನು ತಜ್ಞರಿಗೇ ಬಿಡಬೇಕು. ದಹನ ಕೋಶದ ಮುಚ್ಚಳವನ್ನು ಸರಿಯಾಗಿ ಕೂರಿಸದಿದ್ದರೆ ವಿಷಕಾರಿ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ಹರಡುವ ಅಪಾಯವಿದೆ. ಗ್ರೇಟ್ ಬ್ರಿಟನ್‌ನಲ್ಲಿ ಇಂತಹ ಕೆಲಸ ಕೈಗೊಳ್ಳುವ ತಂತ್ರಜ್ಞರು ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ ನೋಂದಾಯಿತರಾಗಿರಬೇಕು. ಈ ನೋಂದಣಿ ವ್ಯವಸ್ಥೆಯು 2009ರ ಏಪ್ರಿಲ್ 1ರಂದು ಹಿಂದಿನ ಕಾರ್ಗಿ ನೋಂದಣಿಯ ಸ್ಥಾನದಲ್ಲಿ ಜಾರಿಗೆ ಬಂದಿತು.