ಬೆಂಕಿ ಆರಿದ ಮೇಲಿನ ಹಾನಿ: ಎಲೆಕ್ಟ್ರಾನಿಕ್ ಉಪಕರಣಗಳ ಮೇಲೆ ಪಿವಿಸಿ ಹೊಗೆಯ ಪರಿಣಾಮ

1975ರ ಫೆಬ್ರವರಿ 27ರಂದು ನಡುರಾತ್ರಿ ಕಳೆದ ಮೇಲೆ, ನ್ಯೂಯಾರ್ಕ್ ಟೆಲಿಫೋನ್ ಕಂಪನಿಯ ಸೆಕೆಂಡ್ ಅವೆನ್ಯೂ ಎಕ್ಸ್‌ಚೇಂಜಿನ ನೆಲಮಾಳಿಗೆಯ ಕೇಬಲ್ ಕೋಣೆಗೆ ಬೆಂಕಿ ಬಿತ್ತು. ಸುಮಾರು 1,70,000 ದೂರವಾಣಿಗಳು ಸ್ತಬ್ಧವಾದವು. ಜ್ವಾಲೆ ಕೆಳ ಅಂತಸ್ತುಗಳಲ್ಲೇ ನಿಂತಿತು, ಹೊಗೆ ನಿಲ್ಲಲಿಲ್ಲ. ಬೆಂಕಿ ಮುಟ್ಟದ ರಿಲೇಗಳನ್ನೂ ಕೈಯಿಂದ ಶುಚಿಗೊಳಿಸಬೇಕಾಯಿತು. ಸೇವೆ ಮರಳಲು ಸುಮಾರು ಮೂರು ವಾರ ಹಿಡಿಯಿತು. ಇಂಥ ಹಾನಿಯನ್ನು ಮಸಿಯ ಕಪ್ಪಿನಿಂದ ಅಂದಾಜಿಸುವುದು ರೂಢಿ. ಆದರೆ ಅಳೆಯಬೇಕಾದದ್ದು ಕಣ್ಣಿಗೆ ಕಾಣದ ಕ್ಲೋರೈಡನ್ನು ಎಂಬುದು ಈ ಲೇಖನದ ವಾದ.

ಈ ಕ್ಲೋರೈಡಿನ ಮೂಲ ಕೇಬಲ್‌ಗಳ ಪಿವಿಸಿ ಪ್ಲಾಸ್ಟಿಕ್ ಹೊದಿಕೆ. ಪಿವಿಸಿಯ ತೂಕದಲ್ಲಿ ಸುಮಾರು ಶೇ. 57 ಕ್ಲೋರಿನ್. ಉಷ್ಣತೆ 200ರಿಂದ 300 ಡಿಗ್ರಿ ಸೆಲ್ಸಿಯಸ್ ತಲುಪುವಾಗಲೇ, ಅಂದರೆ ಉರಿ ಹತ್ತುವ ಮೊದಲೇ, ಅದು ಹೈಡ್ರೋಜನ್ ಕ್ಲೋರೈಡ್ ಬಿಡತೊಡಗುತ್ತದೆ. ಈ ಅನಿಲ ಮಸಿಕಣಗಳಿಗೂ ತೇವಕ್ಕೂ ಅಂಟಿಕೊಂಡು, ತಣ್ಣಗಿರುವ ಲೋಹದ ಮೇಲೆ ಕೂರುತ್ತದೆ. ಸತುವಿನ ಲೇಪವಿರುವ ಚೌಕಟ್ಟುಗಳಲ್ಲಿ ಸತುವಿನ ಕ್ಲೋರೈಡ್ ಹುಟ್ಟುತ್ತದೆ. ಅದರ ನೀರಿನ ದಾಹ ವಿಪರೀತ: ನಮಗೆ ಒಣಗಿದೆ ಎನಿಸುವ ಕೋಣೆಯ ಗಾಳಿಯಿಂದಲೂ ತೇವ ಹೀರಿ ದ್ರವವಾಗಿಬಿಡುತ್ತದೆ. ಆ ದ್ರವ ವಿದ್ಯುತ್ ವಾಹಕ. ಕೆಳಗಿನ ಸರ್ಕ್ಯೂಟ್ ಬೋರ್ಡಿಗೆ ತೊಟ್ಟಿಕ್ಕಿದರೆ ಪಕ್ಕಪಕ್ಕದ ತಾಮ್ರದ ಗೆರೆಗಳ ನಡುವೆ ಸೋರು ವಿದ್ಯುತ್ ಹರಿಯುತ್ತದೆ. ವೋಲ್ಟೇಜ್ ಇದ್ದಷ್ಟು ಹೊತ್ತೂ ಲೋಹದ ಅಯಾನುಗಳು ಚಲಿಸಿ, ಕವಲೊಡೆದ ಎಳೆಗಳಾಗಿ ಬೆಳೆದು ಗೆರೆಗಳನ್ನು ಬೆಸೆಯುತ್ತವೆ. ಮಸಿಯಲ್ಲಿರುವ ಇಂಗಾಲವೂ ವಾಹಕವೇ, ನಿಜ. ಆದರೆ ಮಸಿಯನ್ನು ಒರೆಸಿದ ಮಾತ್ರಕ್ಕೆ ಕ್ಲೋರೈಡ್ ಹೋಗದು.

ಆದ್ದರಿಂದಲೇ, ‘ಆನ್ ಮಾಡಿ ನೋಡೋಣ’ ಎಂಬ ಪರೀಕ್ಷೆ ಪರೀಕ್ಷೆಯೇ ಅಲ್ಲ. ಇಂದು ಓಡಿದ ಯಂತ್ರ ವಾರಗಳ ನಂತರ ಕೆಡಬಹುದು, ಆಗ ಅದನ್ನು ಬೆಂಕಿಯ ಲೆಕ್ಕಕ್ಕೆ ಯಾರೂ ಬರೆಯುವುದಿಲ್ಲ. ಮೊದಲ ಕೆಲಸ ಬ್ಯಾಟರಿ ಸಹಿತ ಎಲ್ಲ ವಿದ್ಯುತ್ ಸಂಪರ್ಕ ಕಡಿದು, ಕೋಣೆಯ ಸಾಪೇಕ್ಷ ಆರ್ದ್ರತೆಯನ್ನು ಶೇ. 40ಕ್ಕಿಂತ ಕೆಳಗಿಳಿಸುವುದು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಕಿಟಕಿ ತೆರೆದು ‘ಗಾಳಿಯಾಡಿಸುವುದು’ ಇದಕ್ಕೆ ತೀರಾ ವಿರುದ್ಧ. ಬ್ಲೋವರ್ ಊದುವುದೂ ಬೇಡ, ಮಸಿ ಕನೆಕ್ಟರುಗಳೊಳಗೆ ಹೊಗುತ್ತದೆ. ಒಣ ಮಸಿಯನ್ನು ವ್ಯಾಕ್ಯೂಮಿನಿಂದ ಎಳೆದು, ತೊಳೆಯಬಲ್ಲ ಬೋರ್ಡುಗಳನ್ನು ಅಯಾನುರಹಿತ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಬೇಕು. ಎಷ್ಟು ಕ್ಲೋರೈಡ್ ಉಳಿಯಿತೆಂಬುದನ್ನು ಮೇಲ್ಮೈಯ ತೊಳೆನೀರಿನ ಅಯಾನ್ ಕ್ರೊಮ್ಯಾಟೊಗ್ರಫಿ ಹೇಳುತ್ತದೆ.

1988ರ ಮೇ 8ರಂದು ಷಿಕಾಗೊ ಬಳಿಯ ಹಿನ್ಸ್‌ಡೇಲ್ ಎಕ್ಸ್‌ಚೇಂಜ್ ಹೊತ್ತಿಕೊಂಡು ಸುಮಾರು 35,000 ಚಂದಾದಾರರ ಸಂಪರ್ಕ ಕಡಿದಾಗ, ಹೊಸ ಸ್ವಿಚ್ಚನ್ನೇ ತಂದು ಕೂರಿಸಲಾಯಿತು. ಬಿಡಿ ರಿಲೇಗಳನ್ನು ಉಜ್ಜಿ ಉಳಿಸಿಕೊಳ್ಳಬಹುದು. ಒತ್ತೊತ್ತಾದ ಬೋರ್ಡುಗಳ ಮಟ್ಟಿಗೆ ಆ ಭರವಸೆ ಕಡಿಮೆ. ಈಗ ಹ್ಯಾಲೋಜನ್‌ರಹಿತ, ಅಂದರೆ ಕ್ಲೋರಿನ್, ಬ್ರೋಮಿನ್‌ಗಳಂಥ ಧಾತುಗಳಿಲ್ಲದ, ಕೇಬಲ್ ಬಳಕೆ ಹೆಚ್ಚುತ್ತಿದೆ. ಆದರೆ ಬೆಂಕಿ ತಡೆಯಲೆಂದು ಬ್ರೋಮಿನ್ ಬೆರೆಸಿದ ಬೋರ್ಡುಗಳು ಅದೇ ಕೋಣೆಯಲ್ಲಿ ಉರಿದರೆ, ಹೈಡ್ರೋಜನ್ ಬ್ರೋಮೈಡ್ ಅಲ್ಲಿಂದಲೇ ಹೊರಡುತ್ತದೆ.