ಹೂವೂ ಹಿಟ್ಟೂ

ಇಂಗ್ಲಿಷಿನಲ್ಲಿ ಹೂವಿಗೆ ‘ಫ್ಲವರ್’. ಹಿಟ್ಟಿಗೂ ಉಚ್ಚಾರ ಅದೇ, ಕಾಗುಣಿತ ಮಾತ್ರ ಬೇರೆ. ಒಂದರ ಬದಲು ಇನ್ನೊಂದನ್ನು ಬರೆದು ಗದರಿಸಿಕೊಳ್ಳುವ ಹುಡುಗನ ಪರವಾಗಿ ವಕಾಲತ್ತು ವಹಿಸಬೇಕೆಂದು ನನಗೆ ಅನಿಸುವುದುಂಟು.

ಮೂಲದಲ್ಲಿ ಇವೆರಡೂ ಒಂದೇ ಶಬ್ದ. ಹೂವೆಂಬ ಅರ್ಥದ ಫ್ರೆಂಚ್ ಮಾತಿಗೆ ‘ಶ್ರೇಷ್ಠ ಭಾಗ’ವೆಂಬ ಅರ್ಥವೂ ಇತ್ತು. ಗೋಧಿಯನ್ನು ಬೀಸಿ, ಜರಡಿ ಹಿಡಿದು, ಹೊಟ್ಟು ಕಳೆದಾಗ ಉಳಿಯುವ ನಯವಾದ ಭಾಗವೇ ಅದರ ‘ಹೂವು’. 1755ರಲ್ಲಿ ಪ್ರಕಟವಾದ ಸ್ಯಾಮ್ಯುಯೆಲ್ ಜಾನ್ಸನ್ನನ ಪ್ರಸಿದ್ಧ ನಿಘಂಟು ಕೂಡ ಇವನ್ನು ಬೇರ್ಪಡಿಸಿರಲಿಲ್ಲ. 19ನೆಯ ಶತಮಾನದಲ್ಲಷ್ಟೇ ಈ ಭೇದ ಸ್ಥಿರವಾಯಿತು. ಜಾನ್ಸನ್ನನಿಗೆ ಸಂದದ್ದು ಹುಡುಗನಿಗೆ ತಪ್ಪಾಯಿತು!

ನಮ್ಮಲ್ಲಿಯೂ ಮೊಗ್ಗು ಬಿರಿದರೆ ಅರಳುತ್ತದೆ. ಭತ್ತ ಹುರಿದರೆ ಅರಳಾಗುತ್ತದೆ. ಕಾರಣ ತಿಳಿಸಿ ತಿದ್ದಿದರೆ ಹುಡುಗ ಎಂದೂ ಮರೆಯಲಾರ.