ಬೆಂಗಳೂರಿನ ಉಪನಗರ ರೈಲುಮಾರ್ಗದ ಪೂರ್ವೋತ್ತರ

ಬೆಂಗಳೂರಿನ ಉಪನಗರ ರೈಲಿನ ವಿಚಾರವು ಇತ್ತೀಚಿನದೆಂದು ಭಾವಿಸುವುದು ವಾಡಿಕೆ. ಆದರೆ ಅದರ ತೊಡಕಿನ ಬೀಜವನ್ನು 1864ರಲ್ಲಿಯೇ ಕಾಣಬಹುದು. ಆ ವರ್ಷ ಜೋಲಾರಪೇಟೆಯಿಂದ ದಂಡಿನ ಪ್ರದೇಶಕ್ಕೆ ಬಂದ ಮದರಾಸಿನ ಮಾರ್ಗವು ಅಗಲವಾದ ಹಳಿಯದು. 1882ರಲ್ಲಿ ಮೈಸೂರನ್ನು ಮುಟ್ಟಿದ ಸಂಸ್ಥಾನದ ಮಾರ್ಗವಾದರೋ ಮೀಟರ್ ಅಳತೆಯದು. ಒಂದರ ಗಾಡಿಯು ಇನ್ನೊಂದರ ಮೇಲೆ ಓಡಲಾರದು. ದಂಡು, ಪೇಟೆಗಳೆಂಬ ಎರಡು ಊರುಗಳ ಭೇದವು ಹೀಗೆ ಕಬ್ಬಿಣದಲ್ಲಿ ಅಚ್ಚೊತ್ತಿತು. 1949ರಲ್ಲಿ ಎರಡೂ ಒಂದೇ ನಗರಸಭೆಗೆ ಒಳಪಟ್ಟ ಮೇಲೂ ಹಳಿಗಳು ಒಂದಾಗಲಿಲ್ಲ; ಅದಕ್ಕೆ 1990ರ ದಶಕದವರೆಗೆ ಕಾಯಬೇಕಾಯಿತು.

ಅಷ್ಟರೊಳಗೆ ನಗರವು ರಸ್ತೆಗಳನ್ನೇ ನೆಚ್ಚಿ ಬೆಳೆದಿತ್ತು. 2020ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ಒಪ್ಪಿದ ಯೋಜನೆಯಲ್ಲಿ ಸುಮಾರು 148 ಕಿಲೋಮೀಟರಿನ ನಾಲ್ಕು ಮಾರ್ಗಗಳುಂಟು: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. (ಕಚೇರಿಗಳಿಗೆ ಇಂತಹ ಕಿವಿಗಿಂಪಾದ ಹೆಸರು ಹೊಳೆಯುವುದು ಅಪೂರ್ವ.) ಇವುಗಳಲ್ಲಿ ಇತಿಹಾಸಕಾರನು ಗಮನಿಸತಕ್ಕುದು ಪಾರಿಜಾತವನ್ನು. ಮೈಸೂರು ದಾರಿಯ ಕೆಂಗೇರಿಯನ್ನೂ ಮದರಾಸು ದಾರಿಯ ವೈಟ್‌ಫೀಲ್ಡನ್ನೂ ಕೂಡಿಸುವುದು ಅದೇ. ದೂರದ ಮೈಲುಗಾಡಿಗೆ ದಾರಿಬಿಟ್ಟು ನಿಲ್ಲುವ ಗಾಡಿಯಿಂದ ಉದ್ಯೋಗಸ್ಥರಿಗೆ ಪ್ರಯೋಜನವಿಲ್ಲವಾದುದರಿಂದ, ಪ್ರತ್ಯೇಕ ಹಳಿಯೇ ಈ ಯೋಜನೆಯ ಜೀವಾಳವೆನ್ನಬೇಕು. ಕಾಮಗಾರಿಯು ಮೊದಲಾದುದು ಮಾತ್ರ ಮಲ್ಲಿಗೆಯಲ್ಲಿ. 2022ರ ಜೂನಿನಲ್ಲಿ ಶಂಕುಸ್ಥಾಪನೆಯಾಯಿತು. ಆಗ ಸಾರಿದ 40 ತಿಂಗಳ ಅವಧಿಯು 2025ರ ಅಕ್ಟೋಬರಿನಲ್ಲಿ, ಒಂದು ಮಾರ್ಗವೂ ತೆರೆಯದೆಯೇ, ತೀರಿತು.